ವಾಪಸಾದ ಸಂಗೀತ

ದಾವಣಗೆರೆಯಿಂದ ಬಂದ ಒಂದು ಪತ್ರ ಬೇರೆ ಏನನ್ನೂ ಬರೆಯಗೊಡುತ್ತಿಲ್ಲ. ಬರೆದವರು ಕೊಳಲು ವಾದಕರು. ಮನೆಯ ಕೋಣೆಯಲ್ಲೇ ಧ್ವನಿಮುದ್ರಣ ಮಾಡಿ, ಸಾಕ್ಷ್ಯಚಿತ್ರ, ಜಾಹೀರಾತು, ವೆಬ್ ಸರಣಿಗಳಿಗೆ ಸಂಗೀತದ ಲೈಸೆನ್ಸ್ ಕೊಡುವ ಮ್ಯೂಸಿಕ್ ಲೈಬ್ರರಿಗಳಿಗೆ ಕಳುಹಿಸುತ್ತಾರೆ. ಹೆಚ್ಚಿನವರು ಉತ್ತರವನ್ನೇ ಕೊಡುವುದಿಲ್ಲ. ಕೊಟ್ಟವರದು ಒಂದೇ ಸಾಲು: ನಮ್ಮ ಸದ್ಯದ ಅಗತ್ಯಕ್ಕೆ ಹೊಂದುತ್ತಿಲ್ಲ. “ಸರ್, ನನ್ನ ಕೈಯಲ್ಲೇ ಕೊರತೆ ಇದೆಯೇ? ಇಲ್ಲ, ಅವರು ಯಾವುದನ್ನು ತೆಗೆದುಕೊಳ್ಳುತ್ತಾರೋ ಅದರ ಹಾಗೆಯೇ ಮಾಡಲು ಕಲಿಯಬೇಕೇ?” ಎಂದು ಕೇಳಿದ್ದಾರೆ.

ಜೊತೆಗೆ ಕಳಿಸಿದ್ದ ಟ್ರ್ಯಾಕ್‌ಗಳನ್ನು ಕೇಳಿದೆ. ಕೈಯಲ್ಲಿ ಕೊರತೆ ಇಲ್ಲ. ಕೊಳಲಿಗೆ ಗಿಟಾರ್, ಘಟ, ಶ್ರುತಿ ಸೇರಿಸಿ ಚಾರುಕೇಶಿ ರಾಗದಲ್ಲಿ ಮಾಡಿದ ಟ್ರ್ಯಾಕ್ ನಿಜಕ್ಕೂ ಚೆಲುವಾಗಿದೆ. ಶುದ್ಧ ಧೈವತದ ಮೇಲೆ ಅವರು ತಡೆದು ನಿಲ್ಲುವ ಬಗೆ ಕಛೇರಿಯಲ್ಲಾಗಿದ್ದರೆ ‘ಭಲೇ’ ಅನ್ನಿಸಿಕೊಳ್ಳುತ್ತಿತ್ತು. ಅದು ವಾಪಸು ಬಂದದ್ದಕ್ಕೆ ಆ ಚೆಲುವೇ ಕಾರಣವಿರಬಹುದು. ಕಛೇರಿಗೆ ಬಂದವರು ಸಂಗೀತ ಕೇಳಲೆಂದೇ ಬಂದಿರುತ್ತಾರೆ. ಸಾಕ್ಷ್ಯಚಿತ್ರದ ಎಡಿಟರ್ ಮುಂದೆ ಮಾತಿದೆ, ಚಿತ್ರವಿದೆ, ಅವುಗಳ ಕೆಳಗೆ ಏನನ್ನಾದರೂ ಹಾಸಬೇಕಿದೆ. ಮಾತು ಸ್ಪಷ್ಟವಾಗಿ ಕೇಳಬೇಕಾದ ವಲಯದಲ್ಲೇ ಕೊಳಲೂ ಕೂತಿರುತ್ತದೆ. ಗಮಕವಿದ್ದರಂತೂ ಕೊಳಲು ಇನ್ನೊಂದು ಕಂಠವೇ ಆಗುತ್ತದೆ. ಕಿವಿ ನಿರೂಪಕನನ್ನು ಬಿಟ್ಟು ಅದರ ಹಿಂದೆ ಹೋಗುತ್ತದೆ. ನಿಧಾನವಾಗಿ ಬಿಚ್ಚಿಕೊಳ್ಳುವ ಆಲಾಪನೆಯ ಆರಂಭವೂ ಅಲ್ಲಿ ತೊಡಕು: ಒಂದು ದೃಶ್ಯಕ್ಕೆ ರಾಶಿ ಟ್ರ್ಯಾಕ್ ಹುಡುಕುವವನು ಮೊದಲ ಕೆಲವು ಕ್ಷಣಗಳಲ್ಲೇ ಮುಂದಿನದಕ್ಕೆ ಹೋಗಿರುತ್ತಾನೆ. ಕೊನೆಯಲ್ಲಿ ನಾದ ಕರಗುತ್ತಾ ಹೋದರೆ ಅವನಿಗೆ ಕತ್ತರಿಸಲು ಜಾಗ ಸಿಗುವುದಿಲ್ಲ. ಅವನಿಗೆ ಬೇಕಾದದ್ದು ಖಚಿತವಾದ ಮುಕ್ತಾಯ.

ಇಷ್ಟನ್ನೂ ಆ ಒಂದು ಸಾಲಿನ ಉತ್ತರ ಹೇಳುವುದಿಲ್ಲ. ಹಾಗಾಗಿ ಓದಿದವರು ತಮ್ಮ ಸಂಗೀತಕ್ಕೇ ತೀರ್ಪು ಬಂತೆಂದು ಕುಗ್ಗುತ್ತಾರೆ. ಬಂದಿರುವ ತೀರ್ಪು ಆ ದೃಶ್ಯದ ಜಾಗಕ್ಕೆ ಸಂಬಂಧಿಸಿದ್ದು, ಅಷ್ಟೇ. ಕೊಳಲಿಲ್ಲದೆ ಬರೀ ಗಿಟಾರ್, ಘಟ ಮತ್ತು ಶ್ರುತಿ ಇರುವ ಒಂದು ರೂಪ, ಮೂವತ್ತು ಸೆಕೆಂಡಿನದೊಂದು, ಅರವತ್ತರದೊಂದು, ಪ್ರತಿ ವಾದ್ಯದ ಸ್ಟೆಮ್ (ಆ ವಾದ್ಯವೊಂದರದೇ ಮುದ್ರಿಕೆ) ಬೇರೆ ಬೇರೆ: ಇಷ್ಟನ್ನು ಮಾಡಿಟ್ಟುಕೊಂಡು ಮತ್ತೆ ಕಳುಹಿಸುವುದರಲ್ಲಿ ಯಾವ ಅವಮಾನವೂ ಇಲ್ಲ. ಮೂಲವನ್ನು ಮಾತ್ರ ಮುಟ್ಟಬೇಡಿ.

ಒಂದೇ ಸಂಗೀತ ಒಂದು ಬಾಗಿಲಲ್ಲಿ ಬೇಡವಾಗಿ ಇನ್ನೊಂದರಲ್ಲಿ ಬೇಕಾಗುವುದಕ್ಕೆ 1973ಕ್ಕಿಂತ ಒಳ್ಳೆಯ ವರ್ಷ ನನಗೆ ಗೊತ್ತಿಲ್ಲ. ‘ದಿ ಎಕ್ಸಾರ್ಸಿಸ್ಟ್’ ಎಂಬ ದೆವ್ವದ ಚಿತ್ರಕ್ಕೆ ಲಾಲೋ ಶಿಫ್ರಿನ್ ಸಂಗೀತ ಬರೆಯುತ್ತಿದ್ದರು. ‘ಮಿಷನ್ ಇಂಪಾಸಿಬಲ್’ ಧಾರಾವಾಹಿಯ ಶೀರ್ಷಿಕೆ ಸಂಗೀತ ಅವರದೇ. ಮೂರು, ಮೂರು, ಎರಡು, ಎರಡು ಎಂದು ತೊಡೆಯ ಮೇಲೆ ತಟ್ಟಿ ನೋಡಿ, ತಕ್ಷಣ ಗುರುತು ಹತ್ತುತ್ತದೆ. ಅಂಥವರು ಮಾಡಿದ ಸಂಗೀತವನ್ನು ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಒಪ್ಪಲಿಲ್ಲ. ಟೇಪನ್ನೇ ಸ್ಟುಡಿಯೋದ ಪಾರ್ಕಿಂಗ್ ಜಾಗಕ್ಕೆ ಎಸೆದರೆಂಬ ಕಥೆ ಇಂದಿಗೂ ಓಡಾಡುತ್ತದೆ. ಅದರ ಬದಲಿಗೆ ಬಂದವುಗಳಲ್ಲಿ ಜನರ ಕಿವಿಯಲ್ಲಿ ಉಳಿದದ್ದು ಮೈಕ್ ಓಲ್ಡ್‌ಫೀಲ್ಡ್ ಎಂಬ ಇಪ್ಪತ್ತರ ಹುಡುಗನ ‘ಟ್ಯೂಬ್ಯುಲರ್ ಬೆಲ್ಸ್’ನ ಆರಂಭದ ಭಾಗ.

ಆ ‘ಟ್ಯೂಬ್ಯುಲರ್ ಬೆಲ್ಸ್’ ಕೂಡ ವಾಪಸಾದ ಸಂಗೀತವೇ. ಡೆಮೊ ಟೇಪ್ ಹಿಡಿದು ಓಲ್ಡ್‌ಫೀಲ್ಡ್ ರೆಕಾರ್ಡ್ ಕಂಪನಿಗಳ ಬಾಗಿಲು ತಟ್ಟಿದಾಗ, ಹಾಡುವವರಿಲ್ಲದ ಇಷ್ಟು ಉದ್ದದ ವಾದ್ಯಸಂಗೀತ ಮಾರಾಟವಾಗದು ಎಂದು ಕಳಿಸಿದ್ದರು. ಕೊನೆಗೆ ಆಕ್ಸ್‌ಫರ್ಡ್‌ಶೈರ್‌ನ ‘ದಿ ಮ್ಯಾನರ್’ ಸ್ಟುಡಿಯೋದಲ್ಲಿ, ಬಹುತೇಕ ವಾದ್ಯಗಳನ್ನು ತಾನೇ ನುಡಿಸಿ ಅದನ್ನು ಮುದ್ರಿಸಿದ. 1973ರ ಮೇ 25ರಂದು ಹೊಸದಾಗಿ ಹುಟ್ಟಿದ ವರ್ಜಿನ್ ರೆಕಾರ್ಡ್ಸ್‌ನ ಮೊದಲ ಎಲ್‌ಪಿಯಾಗಿ ಅದು ಹೊರಬಂತು; ಅದೇ ವರ್ಷದ ಡಿಸೆಂಬರಿನಲ್ಲಿ ಸಿನಿಮಾ. ಆ ಆರಂಭವನ್ನು ತಾಳ ಹಾಕಿಕೊಂಡು ಕೇಳಿ. ಏಳು, ಎಂಟು, ಏಳು, ಎಂಟು. ಹದಿನೈದರ ಆವರ್ತ. ಸಮ ಎಲ್ಲಿ ಬಿತ್ತು ಎಂದು ಕಿವಿ ಹುಡುಕುವಷ್ಟರಲ್ಲಿ ಅದು ಜಾರಿ ಮುಂದಕ್ಕೆ ಹೋಗಿರುತ್ತದೆ. ಹೆದರಿಸಲೆಂದು ಬರೆದ ಸಂಗೀತವಲ್ಲ ಅದು. ದೆವ್ವದ ಕಲ್ಪನೆಯೂ ಓಲ್ಡ್‌ಫೀಲ್ಡ್‌ನ ತಲೆಯಲ್ಲಿರಲಿಲ್ಲ. ಆ ಒಂದು ಮಾತ್ರೆಯ ಕೊರತೆ ತರುವ ಅಸ್ಥಿರತೆ ಸಿನಿಮಾದ ಆತಂಕಕ್ಕೆ ತಾನಾಗಿ ಒದಗಿಬಂತು. ಯಾವ ಲೈಬ್ರರಿಯ ಬೇಡಿಕೆಪಟ್ಟಿಯೂ ಇದನ್ನು ಮೊದಲೇ ಬರೆದುಕೊಡಲು ಸಾಧ್ಯವಿರಲಿಲ್ಲ.

ಇಲ್ಲಿಗೆ ಪತ್ರದ ಎರಡನೆಯ ಪ್ರಶ್ನೆ ಬರುತ್ತದೆ. ಇದರ ಬಗ್ಗೆ ಈ ಅಂಕಣದಲ್ಲಿ ಜಗಳವಾಡಿದ್ದೇನೆ, ಮತ್ತೆಯೂ ಆಡುತ್ತೇನೆ. ನಮ್ಮಲ್ಲಿ ಈಗ ಒಂದು ರೆಫರೆನ್ಸ್ ಪಂಥವೇ ಬೆಳೆದಿದೆ. ಕೆಲಸ ಶುರುವಾಗುವ ಮೊದಲೇ “ರೆಫರೆನ್ಸ್ ಏನಿದೆ?” ಎಂಬ ಪ್ರಶ್ನೆ. ಓಡುತ್ತಿರುವ ಒಂದು ಟ್ರ್ಯಾಕ್ ತೆಗೆದುಕೊ, ಅದರ ಲಯ, ಅದರ ವಾದ್ಯ, ಅದರ ಏರಿಳಿತ ಇಟ್ಟುಕೊ, ಸ್ವರ ಮಾತ್ರ ಬದಲಿಸು ಎಂದು ಕಲಿಸುವ ತರಗತಿಗಳೂ ಇವೆ. ಉಕುಲೇಲೆ, ಶಿಳ್ಳೆ, ಚಪ್ಪಾಳೆ ಸೇರಿಸಿ ಮಾಡಿದ ಸಂತೋಷ ಸಾವಿರಾರು ಪ್ರತಿಗಳಲ್ಲಿ ಲೈಬ್ರರಿಗಳಲ್ಲಿ ಕೊಳೆಯುತ್ತಿರುವುದು ಈ ಪಂಥದ ಫಲ. ಹೀಗೆ ಮಾಡಿದ್ದೂ ವಾಪಸು ಬರುತ್ತದೆ, ಏಕೆಂದರೆ ಅದರಂಥವು ಅವರ ಬಳಿ ಬೇಕಾದಷ್ಟಿವೆ. ಹಾಗೆ ಬಂದಾಗ ಮಾಡಿದವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಸ್ವಂತ ಸಂಗೀತ ವಾಪಸು ಬಂದರೆ ಸಂಗೀತವಾದರೂ ಮನೆಯಲ್ಲಿರುತ್ತದೆ.

ಸಂಯೋಜಕ ಅಲೆಕ್ಸ್ ನಾರ್ತ್ ಅವರ ಪ್ರಸಂಗ ಈ ವಾದಕ್ಕೆ ನನ್ನ ಬಲವಾದ ಸಾಕ್ಷಿ. ಸ್ಟಾನ್ಲಿ ಕುಬ್ರಿಕ್ ‘2001: ಎ ಸ್ಪೇಸ್ ಒಡಿಸ್ಸಿ’ಯನ್ನು ಸಂಕಲನ ಮಾಡುವಾಗ ರಿಚರ್ಡ್ ಸ್ಟ್ರಾಸ್, ಯೋಹಾನ್ ಸ್ಟ್ರಾಸ್, ಲಿಗೆಟಿ ಇವರ ಸಂಗೀತವನ್ನು ತಾತ್ಕಾಲಿಕವೆಂದು ಕೂರಿಸಿಕೊಂಡಿದ್ದರು. ಹೊಸ ಸಂಗೀತಕ್ಕೆಂದು ನಾರ್ತ್ ಅವರನ್ನು ಲಂಡನ್ನಿಗೆ ಕರೆಸಿದರು. ಅವರು 1968ರ ಆರಂಭದಲ್ಲಿ, ಒತ್ತಡಕ್ಕೆ ಮೈ ಸೆಟೆದು ಹಾಸಿಗೆ ಹಿಡಿಯುವ ಸ್ಥಿತಿಯಲ್ಲೂ, ನಲವತ್ತು ನಿಮಿಷಕ್ಕೂ ಹೆಚ್ಚಿನ ಸಂಗೀತ ಬರೆದು ಮುದ್ರಿಸಿದರು. ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಚಿತ್ರ ನೋಡಲು ಕೂತಾಗಲೇ ಅವರಿಗೆ ತಿಳಿದದ್ದು, ತಮ್ಮ ಒಂದು ಸ್ವರವೂ ಅದರಲ್ಲಿಲ್ಲ ಎಂದು. ಕುಬ್ರಿಕ್ ಆ ತಾತ್ಕಾಲಿಕ ಸಂಗೀತವನ್ನೇ ಉಳಿಸಿಕೊಂಡಿದ್ದರು, ಯಾರೂ ಮೊದಲೇ ಹೇಳಿರಲಿಲ್ಲ. ಆ ಕತ್ತಲೆಯ ಸಭಾಂಗಣವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ನಾರ್ತ್ ಅದನ್ನು ಎಸೆಯಲಿಲ್ಲ. ಅದರ ಎಳೆಗಳನ್ನು ತಮ್ಮ ಮೂರನೆಯ ಸಿಂಫನಿಗೆ, 1981ರ ‘ಡ್ರ್ಯಾಗನ್‌ಸ್ಲೇಯರ್’ ಚಿತ್ರಕ್ಕೆ ತಂದರು. 1986ರಲ್ಲಿ ಗೌರವ ಆಸ್ಕರ್ ಪಡೆದ ಮೊದಲ ಸಂಯೋಜಕರಾದರು, 1991ರಲ್ಲಿ ತೀರಿಕೊಂಡರು. ಗೆಳೆಯ ಜೆರ್ರಿ ಗೋಲ್ಡ್‌ಸ್ಮಿತ್ 1993ರಲ್ಲಿ ಲಂಡನ್ನಿನ ನ್ಯಾಷನಲ್ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾದಿಂದ ಆ ಇಡೀ ಸಂಗೀತವನ್ನು ನುಡಿಸಿ ಮುದ್ರಿಸಿದರು. ಮೂಲ ಧ್ವನಿಮುದ್ರಣವೇ 2007ರಲ್ಲಿ ಸಿಡಿಯಾಗಿ ಬಂತು. ಎರಡೂ ನನ್ನ ಕಪಾಟಿನಲ್ಲಿವೆ.

ಕೇಳಿದರೆ ಒಂದು ವಿಷಯ ಸ್ಪಷ್ಟ. ಶೀರ್ಷಿಕೆಗೆ ಬರೆದ ಭಾಗದಲ್ಲಿ ನಾರ್ತ್ ರಿಚರ್ಡ್ ಸ್ಟ್ರಾಸ್ ಅವರ ‘ಜರಾತುಷ್ಟ್ರ’ದ ಜಾಗ ತುಂಬಲು ಹೆಣಗುತ್ತಿದ್ದಾರೆ; ಅದೇ ಹಿತ್ತಾಳೆ ವಾದ್ಯಗಳು, ಅದೇ ಆರ್ಗನ್, ಅದೇ ಏರಿಕೆ. ಇಡೀ ಕೃತಿಯಲ್ಲಿ ಸಪ್ಪೆಯಾದ ಭಾಗ ಅದೇ. ಆದಿಮಾನವರು ರಾತ್ರಿ ಹೆದರಿ ಮುದುಡಿಕೊಳ್ಳುವ ದೃಶ್ಯಕ್ಕೆ ಬಂದಾಗ ಅವರಿಗೆ ಯಾರ ನೆರಳೂ ಇಲ್ಲ. ಗಾಳಿವಾದ್ಯಗಳು ಒಂದಕ್ಕೊಂದು ತಾಗಿ ಕರ್ಕಶವಾಗುತ್ತವೆ, ಚರ್ಮವಾದ್ಯಗಳು ಅನಿರೀಕ್ಷಿತವಾಗಿ ಒಳನುಗ್ಗುತ್ತವೆ, ನಡುವೆ ಬರುವ ಮೌನದಲ್ಲೂ ಬಿಗಿ ಸಡಿಲುವುದಿಲ್ಲ. ಅಂತರಿಕ್ಷ ನಿಲ್ದಾಣದ ದೃಶ್ಯಕ್ಕಂತೂ ಯೋಹಾನ್ ಸ್ಟ್ರಾಸ್ ಅವರ ‘ಬ್ಲೂ ಡ್ಯಾನ್ಯೂಬ್’ನ ವಾಲ್ಟ್ಸ್ ಬಿಟ್ಟು, ಹಗುರಾಗಿ ಚಿಮ್ಮುವ, ತುಂತುರಿನಂಥ ಒಂದು ಭಾಗ ಬರೆದಿದ್ದಾರೆ. ಸಿನಿಮಾಕ್ಕೆ ಕುಬ್ರಿಕ್ ಆರಿಸಿದ್ದೇ ಸರಿಯಿತ್ತೆಂದು ವಾದಿಸುವವರಿದ್ದಾರೆ, ನಾನೂ ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಈ ಭಾಗಗಳು ಸಂಗೀತವಾಗಿ ನಿಲ್ಲುತ್ತವೆ. ರೆಫರೆನ್ಸ್ ಹಿಡಿದು ಬರೆದದ್ದು ಅಲ್ಲಿಯೂ ನಿಲ್ಲಲಿಲ್ಲ.

ನಮ್ಮ ನೆಲದಲ್ಲಿ ಒಂದು ವಾದ್ಯವೇ ವಾಪಸಾದ ಕಥೆ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 1940ರ ಮಾರ್ಚ್‌ನಿಂದ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ನಿಷೇಧ ಸಡಿಲವಾದದ್ದು 1971ರಲ್ಲಿ, ಅದೂ ನಿರ್ಬಂಧಗಳೊಡನೆ. ಮೀಂಡ್ ಬಾರದು, ಶ್ರುತಿಗಳು ನಮ್ಮವಲ್ಲ ಎಂಬ ಆಕ್ಷೇಪ ಶಾಸ್ತ್ರದ ದೃಷ್ಟಿಯಿಂದ ಸುಳ್ಳಲ್ಲ. ಆದರೆ ಉತ್ತರ ಕರ್ನಾಟಕದ ನಾಟಕ ಕಂಪನಿಗಳಲ್ಲಿ ಕಾಲುಪೆಟ್ಟಿಗೆ ನಿಲ್ಲಲಿಲ್ಲ, ಬೈಠಕ್‌ಗಳಲ್ಲಿ ಪೇಟಿಯ ಸಾಥ್ ನಿಲ್ಲಲಿಲ್ಲ. ಬೆಳಗಾವಿಯ ರಾಮಭಾವು ಬಿಜಾಪುರೆ (1917–2010) ಆ ದಶಕಗಳಲ್ಲೇ ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟರು, ಸೋಲೋ ನುಡಿಸಿದರು, ಶಿಷ್ಯರನ್ನು ತಯಾರು ಮಾಡಿದರು. ಬಾನುಲಿಯ ಬಾಗಿಲು ಮುಚ್ಚಿದ್ದಾಗ ಅವರ ತಲೆಮಾರು ಪೇಟಿಯನ್ನು ಬಿಟ್ಟು ಸಾರಂಗಿ ಹಿಡಿಯಲಿಲ್ಲ.

ಆ ನಿಷೇಧಕ್ಕೆ ವಾದ ಒದಗಿಸಿದವರಲ್ಲಿ ಜಾನ್ ಫೌಲ್ಡ್ಸ್ ಒಬ್ಬರು. ದೆಹಲಿ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಇಂಗ್ಲಿಷ್ ಸಂಯೋಜಕ. ಹಾರ್ಮೋನಿಯಂ ಪ್ರಿಯರು ಅವರನ್ನು ಬೈಯುವುದನ್ನು ಕೇಳಿದಾಗಲೆಲ್ಲ ನನಗೆ ಅವರ ಬದುಕು ನೆನಪಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಸತ್ತವರಿಗಾಗಿ ಅವರು ಬರೆದ ‘ಎ ವರ್ಲ್ಡ್ ರಿಕ್ವಿಯಂ’ 1923ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲು ಕೇಳಿಸಿ, 1926ರವರೆಗೆ ಪ್ರತಿ ನವೆಂಬರಿನಲ್ಲಿ ಮೊಳಗಿತ್ತು. ಆಮೇಲೆ ಕೈಬಿಟ್ಟರು. ಬಿಬಿಸಿ ಅವರ ಲಘು ಸಂಗೀತವನ್ನು ಬಿತ್ತರಿಸುತ್ತಿತ್ತು, ಗಂಭೀರ ಕೃತಿಗಳನ್ನು ದೂರವಿಡುತ್ತಿತ್ತು. ಅದಕ್ಕಾಗಿ ಅವರು ಪತ್ರ ಬರೆದು ನೊಂದುಕೊಂಡಿದ್ದರು. ಹೀಗೆ ಬಾನುಲಿಯ ಬಾಗಿಲಲ್ಲಿ ನಿಂತು ವಾಪಸಾದ ಮನುಷ್ಯನೇ ಭಾರತಕ್ಕೆ ಬಂದು ಇಲ್ಲಿಯ ಸ್ವರಗಳ ಮೇಲಿನ ಪ್ರೀತಿಯಿಂದ ಇನ್ನೊಂದು ವಾದ್ಯಕ್ಕೆ ಬಾಗಿಲು ಮುಚ್ಚಲು ವಾದ ಕೊಟ್ಟರು. ನಿಷೇಧ ಬರುವ ಮುನ್ನವೇ, 1939ರ ಏಪ್ರಿಲ್‌ನಲ್ಲಿ, ಕಲ್ಕತ್ತೆಯಲ್ಲಿ ಕಾಲರಾದಿಂದ ತೀರಿಕೊಂಡರು. ಬೇಡವೆನ್ನುವವರು ಯಾವಾಗಲೂ ಕಿವಿಯಿಲ್ಲದವರೇ ಎಂದು ನಂಬಿ ಸಮಾಧಾನಪಡುವುದಕ್ಕೆ ಫೌಲ್ಡ್ಸ್ ಅವಕಾಶ ಕೊಡುವುದಿಲ್ಲ.

ಅವರ ರಿಕ್ವಿಯಂ 2007ರ ನವೆಂಬರ್ 11ರಂದು ಅದೇ ಆಲ್ಬರ್ಟ್ ಹಾಲಿನಲ್ಲಿ ಮತ್ತೆ ಕೇಳಿಸಿತು, ಏಕೆಂದರೆ ಸ್ವರಲಿಪಿ ಉಳಿದಿತ್ತು. ಭಾರತದಲ್ಲಿ ಬರೆದ ಹಲವು ಕೃತಿಗಳ ಹಸ್ತಪ್ರತಿಗಳು ಕಳೆದುಹೋದವು. ಅವನ್ನು ಇನ್ನು ಯಾವ ವಾದ್ಯವೃಂದವೂ ನುಡಿಸಲಾರದು.

ಹಾಗಾಗಿ ದಾವಣಗೆರೆಯ ಗೆಳೆಯರೇ, ವಾಪಸಾದ ಪ್ರತಿಯೊಂದು ಟ್ರ್ಯಾಕ್‌ನ ಸ್ಟೆಮ್‌ಗಳನ್ನು, ಪ್ರಾಜೆಕ್ಟ್ ಫೈಲನ್ನು, ಯಾವ ದಿನ ಯಾರು ನುಡಿಸಿದರು ಎಂಬ ವಿವರವನ್ನು ಎರಡು ಕಡೆ ಜೋಪಾನ ಮಾಡಿ. ಘಟ ನುಡಿಸಿದವರಿಂದ ಒಪ್ಪಿಗೆಯ ಒಂದು ಪತ್ರ ಬರೆಸಿಟ್ಟುಕೊಳ್ಳಿ. ಮುಂದೆ ಯಾರಾದರೂ ಅವಸರದಲ್ಲಿ ಲೈಸೆನ್ಸ್ ಕೇಳಿದಾಗ ಅದಿಲ್ಲದೆ ಕೆಲಸ ನಿಲ್ಲುತ್ತದೆ. ಸ್ವಂತ ರಚನೆ, ಸ್ವಂತ ಧ್ವನಿಮುದ್ರಣ ಆದ್ದರಿಂದ ಕೃತಿಯ ಹಕ್ಕು ಮತ್ತು ಮುದ್ರಿಕೆಯ ಹಕ್ಕು ಎರಡೂ ನಿಮ್ಮ ಬಳಿ ಇವೆ. ಸಾಲುಸಾಲಾಗಿ ಬೇಡವೆನ್ನಿಸಿಕೊಂಡ ಮೇಲೆ ಮೊದಲ ಸಲ ‘ಬೇಕು’ ಎಂದವನು ತಂದ ಕಾಗದಕ್ಕೆ ಓದದೆ ಸಹಿ ಹಾಕುವವರನ್ನು ನಾನು ಬಹಳ ನೋಡಿದ್ದೇನೆ. ಎಲ್ಲ ಹಕ್ಕೂ ಶಾಶ್ವತವಾಗಿ ಅವರದು ಎಂಬ ಸಾಲು ಅದರಲ್ಲಿ ಇರುತ್ತದೆ. ಎಷ್ಟು ವರ್ಷಕ್ಕೆ, ಯಾವ ಮಾಧ್ಯಮಕ್ಕೆ, ಅವರೊಬ್ಬರಿಗೇ ಮೀಸಲೋ ಅಲ್ಲವೋ, ಬಳಕೆಯಾಗದಿದ್ದರೆ ಹಿಂದಕ್ಕೆ ಪಡೆಯಬಹುದೋ ಎಂದು ಕೇಳಿ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ನಿಮ್ಮ ಬೆನ್ನಿಗಿದೆ: ಸಿನಿಮಾದಲ್ಲಿ ಸೇರಿದ ಸಂಗೀತ, ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಕೇಳಿಸುವುದನ್ನು ಬಿಟ್ಟು ಬೇರೆ ರೂಪದಲ್ಲಿ ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಸಂಯೋಜಕರಿಗೆ ಸಮಪಾಲಿದೆ, ಆ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡಲು ಬರುವುದಿಲ್ಲ. ಸಂಯೋಜಕರ ರಾಯಲ್ಟಿ ವಸೂಲು ಮಾಡಿಕೊಡುವ ಐಪಿಆರ್‌ಎಸ್‌ನ ಸದಸ್ಯತ್ವಕ್ಕೆ ಇನ್ನೂ ಅರ್ಜಿ ಹಾಕಿಲ್ಲವೆಂದು ಬರೆದಿದ್ದೀರಿ. ಮುಂದಿನ ಟ್ರ್ಯಾಕ್ ಕಳಿಸುವ ಮೊದಲು ಆ ಕೆಲಸ ಮುಗಿಸಿಬಿಡಿ.