ಬಣ್ಣ ಇದ್ದಿದ್ದು ಆ ಕಡೆ

1939ರ ‘ದಿ ವಿಝರ್ಡ್ ಆಫ್ ಓಝ್’ ಮೊನ್ನೆ ಮತ್ತೆ ನೋಡಿದೆ. ಮನೆಗಿಂತ ದೊಡ್ಡದು ಬೇರೆ ಇಲ್ಲ ಅನ್ನೋದು ಸಿನಿಮಾ ಹೇಳೋ ನೀತಿ. ತೋರಿಸೋದು ಮಾತ್ರ ಬೇರೆ. ಡೊರೊಥಿಯ ಮನೆ ಇರೋ ಕ್ಯಾನ್ಸಸ್ ಪೂರ್ತಿ ಮಾಸಲು ಕಂದು. ಬಾಗಿಲು ತೆಗೆದು ಓಝ್ ನೋಡಿದಾಗಲೇ ಟೆಕ್ನಿಕಲರ್. ಎಲ್. ಫ್ರಾಂಕ್ ಬಾಮ್ ಬರೆದ ಕಾದಂಬರಿಯಲ್ಲಿ ಓಝ್ ನಿಜವಾದ ನಾಡು. ಸಿನಿಮಾದವರು ಅದನ್ನ ಕನಸು ಮಾಡಿಬಿಟ್ರು. ಕೊನೆಗೆ ಹಾಸಿಗೆಯಲ್ಲಿ ಎಚ್ಚರಗೊಂಡ ಜೂಡಿ ಗಾರ್ಲೆಂಡ್, ಅದು ನಿಜವಾದ ಜಾಗ ಅಂತ ಎಷ್ಟು ಹೇಳಿದ್ರೂ ಮನೆಯವರು ನಂಬಲ್ಲ. ಇನ್ನೆಲ್ಲೂ ಹೋಗಲ್ಲ ಅಂತ ಅವಳೂ ಹೇಳ್ತಾಳೆ. ಅದನ್ನ ನಾನು ನಂಬಲ್ಲ. ಮನೆ ಬೇಕು, ಆದ್ರೆ ಕಂಡ ಬಣ್ಣ ಸುಳ್ಳು ಅಂತ ಒಪ್ಪೋಕಾಗಲ್ಲ. ಈ ಇಕ್ಕಟ್ಟು ಬಗೆಹರಿಯದೇ ಉಳಿದಿರೋದಕ್ಕೇ ಸಿನಿಮಾ ಹಳೇದಾಗಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನ ಮುಂದೆ ನಾನೂ ಹೀಗೇ ಕೂತಿರ್ತೀನಿ.