ಎತ್ತಿದೆ, ನೆಲವಿಲ್ಲ

'ಚೋಮನ ದುಡಿ' ನೋಡಿದವರೆಲ್ಲ ದುಡಿಯ ಸದ್ದಿನ ಬಗ್ಗೆಯೇ ಹೇಳ್ತಾರೆ. ವಾಸುದೇವರಾಯರ ಅಭಿನಯ ಹಾಗಿದೆ, ತಪ್ಪಿಲ್ಲ ಬಿಡಿ. ನನ್ನನ್ನು ಕಾಡಿದ್ದು ಮಾತ್ರ ಆ ಜೋಡಿ ಎತ್ತು. ಉಳೋಕೆ ಎತ್ತಿದೆ, ನೆಲವಿಲ್ಲ.

ಬಿ.ವಿ. ಕಾರಂತರ ಈ ಸಿನಿಮಾ 1975ರದ್ದು. ಅದಕ್ಕೆ ಒಂದು ವರ್ಷ ಮುಂಚೆ, 1974ರಲ್ಲಿ, ಅರಸು ಸರ್ಕಾರದ 'ಉಳುವವನೇ ಹೊಲದೊಡೆಯ' ಕಾನೂನು ಜಾರಿಗೆ ಬಂದಿತ್ತು. ಹಾಗಾಗಿ ಇದು ಮುಗಿದುಹೋದ ಕಾಲದ ಕತೆ ಅಂತ ನಿಟ್ಟುಸಿರು ಬಿಡಬಹುದಿತ್ತು. ಆದರೆ ಆ ಕಾನೂನಿನಿಂದ ಮುಖ್ಯವಾಗಿ ನೆಲ ಸಿಕ್ಕಿದ್ದು ಗೇಣಿದಾರರಿಗೆ. ಚೋಮ ಜೀತದಾಳು. ಉತ್ತಿದ್ದೇನೆ ಅಂತ ಅವನು ಯಾವ ಹೊಲ ತೋರಿಸಿ ಅರ್ಜಿ ಹಾಕಬೇಕು?

ನಮ್ಮ ಚನ್ನಗಿರಿ ಕಡೆ ಬೇರೆಯವರ ತೋಟದಲ್ಲಿ ಅಡಿಕೆ ಸುಲಿದು ಸಂಜೆ ಕೂಲಿ ಎಣಿಸಿಕೊಳ್ಳೋರನ್ನ ಕಂಡಾಗೆಲ್ಲ ಈ ಪ್ರಶ್ನೆ ಎದುರು ಬಂದು ನಿಲ್ಲುತ್ತೆ. ಚೋಮ ಕೊನೆಗೆ ಎತ್ತುಗಳನ್ನು ಅಟ್ಟಿಬಿಡುತ್ತಾನೆ.