ಮೂಲೆಯಲ್ಲಿ ಇಳಿಜಾರು ಎಷ್ಟು?

ಸಾಮಾನ್ಯ ಗ್ರಾಫಿಂಗ್ ಕ್ಯಾಲ್ಕುಲೇಟರಿಗೆ ಕಲನಶಾಸ್ತ್ರ ಬರುವುದಿಲ್ಲ. ಟಿಐ-84ರಲ್ಲಿ ಎನ್‌ಡೆರಿವ್ ಒತ್ತಿ, ಎಕ್ಸ್‌ನ ಘನಕ್ಕೆ 1ರಲ್ಲಿ ಡೆರಿವೇಟಿವ್, ಅಂದರೆ ಇಳಿಜಾರು, ಎಷ್ಟು ಎಂದು ಕೇಳಿ. ಪಿಯುಸಿ ಹುಡುಗಿ ಬಾಯಲ್ಲೇ 3 ಅನ್ನುತ್ತಾಳೆ. ಯಂತ್ರ 3.000001 ಅನ್ನುತ್ತದೆ.

ಆ ಕೊನೆಯ 1 ನನಗೆ ಬಲು ಇಷ್ಟ. ಒಳಗೆ ನಡೆದದ್ದನ್ನು ಅದು ಬಾಯಿಬಿಡುತ್ತದೆ. ಯಂತ್ರ ಸೂತ್ರ ಹಚ್ಚಲೇ ಇಲ್ಲ. ಬಲಕ್ಕೆ 0.001, ಎಡಕ್ಕೆ 0.001 ಸರಿದು, ಎರಡೂ ಕಡೆಯ ಬೆಲೆ ಕಳೆದು, 0.002ರಿಂದ ಭಾಗಿಸಿತು, ಅಷ್ಟೆ. ಎಕ್ಸ್‌ನ ವರ್ಗ ಕೊಟ್ಟರೆ ಎಡದ ತಪ್ಪನ್ನು ಬಲದ ತಪ್ಪು ನುಂಗಿ ಉತ್ತರ ಕರಾರುವಾಕ್ಕಾಗಿ ಬರುತ್ತದೆ; ಘನಕ್ಕೆ ಹೆಜ್ಜೆಯ ವರ್ಗದಷ್ಟು ಉಳಿಯುತ್ತದೆ. ಹಾಗಾದರೆ ಹೆಜ್ಜೆಯನ್ನೇ ಕಿರಿದು ಮಾಡೋಣ ಅನ್ನಿಸುತ್ತದೆ. ಬೇಡ. ಯಂತ್ರ ಹಿಡಿದಿಡುವುದು 14 ಅಂಕಿ. ಹೆಜ್ಜೆ ಅದಕ್ಕಿಂತ ಸಣ್ಣದಾದರೆ ಎರಡೂ ಬೆಲೆ ಒಂದೇ ಆಗಿ, ಕಳೆದಾಗ ಸೊನ್ನೆ ಉಳಿಯುತ್ತದೆ.

ಯಂತ್ರ ನಿಜಕ್ಕೂ ಎಡವುವುದು ಮೂಲೆಗಳಲ್ಲಿ. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನವಿದೆ, 13ನೇ ಶತಮಾನದ ತ್ರಿಕೂಟ. ಅದರ ನಕ್ಷತ್ರಾಕಾರದ ಗೋಡೆಗುಂಟ ಪ್ರದಕ್ಷಿಣೆ ಬನ್ನಿ. ಒಂದು ಮುಖದ ಮೇಲೆ ಒಂದು ದಿಕ್ಕು, ಮೂಲೆ ದಾಟಿದೊಡನೆ ಇನ್ನೊಂದು. ಸರಿಯಾಗಿ ಅಂಚಿನ ಮೇಲೆ ಯಾವ ದಿಕ್ಕು? ಶಿಲ್ಪಿಯನ್ನು ಕೇಳಿದ್ದರೂ ನಕ್ಕಿರುತ್ತಿದ್ದ. ಗಣಿತದಲ್ಲಿ ಆ ಮೂಲೆಯೇ ಎಕ್ಸ್‌ನ ನಿರಪೇಕ್ಷ ಬೆಲೆ. 0ಯಲ್ಲಿ ಅದಕ್ಕೆ ಡೆರಿವೇಟಿವ್ ಇಲ್ಲ. ಎನ್‌ಡೆರಿವ್ ಮಾತ್ರ ಸಂಕೋಚವಿಲ್ಲದೆ 0 ಅನ್ನುತ್ತದೆ. ಎರಡೂ ಕಡೆ ಎತ್ತರ 0.001, ಕಳೆದರೆ ಸೊನ್ನೆ! ಒಂದರ ಕೆಳಗೆ ಎಕ್ಸ್ ಕೊಟ್ಟು 0ಯಲ್ಲಿ ಕೇಳಿದರೆ ಇನ್ನೂ ಮಜಾ: ಆ ಬಿಂದುವಿನಲ್ಲಿ ಬೆಲೆಯೇ ಇಲ್ಲದ ಫಂಕ್ಷನ್‌ಗೆ ಹತ್ತು ಲಕ್ಷ ಇಳಿಜಾರು.

ಅದಕ್ಕೇ ನಾನು ಮೊದಲು ಗ್ರಾಫ್ ಬರೆಸುವುದು, ಆಮೇಲೆ ಸಂಖ್ಯೆ ಕೇಳುವುದು. ಆ ಬಿಂದುವಿನ ಸುತ್ತ ಝೂಮ್ ಮಾಡುತ್ತಾ ಹೋಗಿ. ನಯವಾದ ಗೆರೆ ನೆಟ್ಟಗಾಗುತ್ತಾ ಬರುತ್ತದೆ. ಮೂಲೆ ಎಷ್ಟು ಹಿಗ್ಗಿಸಿದರೂ ಮೂಲೆಯೇ. ಈ ಪರದೆಯ ಸುಖ ನಮ್ಮ ಮಕ್ಕಳಿಗೆ ಕಡಿಮೆ. ಸಿಇಟಿಗೆ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಇಂಜಿನಿಯರಿಂಗ್ ಸೇರಿದ ಮೇಲೆ ಕೈಗೆ ಬರುವ ಕ್ಯಾಸಿಯೊ ಎಫ್‌ಎಕ್ಸ್-991ರಲ್ಲಿ ಡೆರಿವೇಟಿವ್ ಕೀಲಿ ಉಂಟು, ಗ್ರಾಫ್ ಪರದೆ ಇಲ್ಲ. ಸಂಖ್ಯೆ ಬಂದದ್ದೇ ತಡ, ನಂಬಿಬಿಡುತ್ತಾರೆ.

ಸೈನ್‌ಗೆ 0ಯಲ್ಲಿ ಡೆರಿವೇಟಿವ್ ಕೇಳಿ 0.01745 ಬಂದರೆ ಯಂತ್ರವನ್ನು ಬಯ್ಯಬೇಡಿ. ಅದು ಡಿಗ್ರಿ ಮೋಡ್‌ನಲ್ಲಿದೆ. ಪೈಯನ್ನು 180ರಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು. ಸೈನ್ ಬದಲಾಗುವ ವೇಗ ಕೊಸೈನ್‌ಗೆ ಅನುಪಾತದಲ್ಲಿರುತ್ತದೆ ಎಂದು ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲೇ ಗ್ರಹಗತಿಯ ಲೆಕ್ಕಕ್ಕೆ ಬಳಸಿದ್ದಾರೆ. ಅನುಪಾತದ ಆ ಗುಣಕ ಬರೇ 1 ಆಗಬೇಕಿದ್ದರೆ, ಮೊದಲು ಮೋಡ್ ಒತ್ತಿ ರೇಡಿಯನ್‌ಗೆ ಬನ್ನಿ.